ಭಾರದ ಸಂದಿಯಲ್ಲಿ ಒಂದು ಮಳೆಗಾಲ

ಮೊನ್ನೆ ವಾಡಿ ಜಂಕ್ಷನ್ನಿನಲ್ಲಿ ಗಾಡಿ ಬದಲಿಸಲು ಇಳಿದಿದ್ದೆ. ಮಳೆ ಆಗಷ್ಟೇ ನಿಂತಿತ್ತು. ಪ್ಲಾಟ್‌ಫಾರ್ಮಿನ ತುದಿಗೆ ಯಾರೋ ಹಳೆಯ ಮರದ ತುಂಡುಗಳನ್ನು ಒಟ್ಟಿದ್ದರು. ನೆನೆದ ಮರ, ಅದಕ್ಕೆ ಮೆತ್ತಿದ ಕರಿ ಗ್ರೀಸು, ಎರಡೂ ಸೇರಿದ ವಾಸನೆ ಗಾಳಿಯ ಜೊತೆ ಬಂತು. ನನ್ನ ಸೊಂಟ ತಾನಾಗಿಯೇ ಹಿಂದಕ್ಕೆ ಸರಿಯಿತು. ನಾನು ಸರಿಸಲಿಲ್ಲ, ಅದೇ ಸರಿಯಿತು. ಜೊತೆಗಿದ್ದ ಗಂಡ "ಯಾಕ, ಏನಾತು?" ಎಂದು ಕೇಳಿದ. "ಏನಿಲ್ಲ, ಚಹಾ ಕುಡಿಯೂಣು ನಡಿ" ಎಂದೆ. ಆ ಮರದ ರಾಶಿಯ ಕಡೆಗೇ ಮುಖ ಮಾಡಿ ನಿಂತು ಚಹಾ ಕುಡಿದೆ. ಇದರ ಹಿಂದಿನ ಸಂಗತಿ ಅವನಿಗೆ ಅರ್ಧ ಗೊತ್ತು. ಉಳಿದ ಅರ್ಧವನ್ನು ಇಲ್ಲಿ ಬರೆಯುತ್ತಿದ್ದೇನೆ.

ಆಗ ನನಗೆ ರೈಲ್ವೆ ನೌಕರಿ ಹೊಸದು. ವಾಡಿಯಲ್ಲಿ ವ್ಯಾಗನ್‌ಗಳನ್ನು ತಪಾಸಣೆ ಮಾಡುವ ವಿಭಾಗದಲ್ಲಿ ಜೂನಿಯರ್ ಎಂಜಿನಿಯರ್. ಗಾಲಿ, ಬೇರಿಂಗು, ಬ್ರೇಕು, ಕೊಂಡಿ ಎಲ್ಲ ನೋಡಿ ಈ ಗಾಡಿ ಓಡಬಹುದು ಎಂದು ಹೇಳುವುದು ನನ್ನ ಕೆಲಸ. ನಮ್ಮೂರು ಚಿಂಚೋಳಿ. ರೈಲೇ ಇಲ್ಲದ ಊರಿನ ಹುಡುಗಿ ರೈಲಿಗೆ ಪಾಸು ಕೊಡಲು ಬಂದಿದ್ದಾಳೆ ಎಂದು ಡಿಪೋದವರು ನಗುತ್ತಿದ್ದರು. ನಾನೂ ನಗುತ್ತಿದ್ದೆ.

ಮಿರಗದ ಮಳೆ ಹೊಸದಾಗಿ ಬಿದ್ದ ದಿನಗಳಲ್ಲಿ ನನ್ನನ್ನು ಶಹಾಬಾದಿಗೆ ಕಳಿಸಿದರು. ಸೋಲಾಪುರದ ಕಡೆಯಿಂದ ಒಂದು ಸಾಮಾನು ಬರುತ್ತಿದೆ, ಅಲ್ಲಿಂದ ವಾಡಿವರೆಗೂ ಅದರ ಜೊತೆ ನೀವು ಬರಬೇಕು ಎಂದರು. ಸೇಡಂ ತಾಲೂಕಿನ ಒಂದು ಸಿಮೆಂಟ್ ಫ್ಯಾಕ್ಟರಿಗೆ ಹೊರಟಿದ್ದ ಗಿರಣಿಯ ಮೈ ಅದು. ಕಲ್ಲು ಅರೆಯುವ ಗಿರಣಿ. ಒಂದೇ ತುಂಡು. ಬಿಚ್ಚಲು ಬರುವುದಿಲ್ಲ, ರಸ್ತೆಯ ಸೇತುವೆಗಳು ತಡೆಯುವುದಿಲ್ಲ, ಅದಕ್ಕೇ ರೈಲಿನ ಮೇಲೆ ಹೊರಿಸಿದ್ದರು.

ಸಾಮಾನಿಗಿಂತ ಮೊದಲು ನನ್ನ ಕಣ್ಣಿಗೆ ಬಿದ್ದದ್ದು ಅದನ್ನು ಹೊತ್ತ ಗಾಡಿ. ವೆಲ್ ವ್ಯಾಗನ್ ಎನ್ನುತ್ತಾರೆ. ಎರಡು ತುದಿಗಳು ಎತ್ತರ, ಅವುಗಳ ಕೆಳಗೆ ಸಾಲು ಸಾಲು ಗಾಲಿ. ನಡುವೆ ಮಾತ್ರ ತೊಟ್ಟಿಲಿನ ಹಾಗೆ ತಗ್ಗು, ಹಳಿಗೆ ತಾಗಿಯೇ ಬಿಟ್ಟಿತೇನೋ ಅನ್ನುವಷ್ಟು ತಗ್ಗು. ಆ ತಗ್ಗಿನಲ್ಲಿ ಮರದ ದಿಮ್ಮಿಗಳ ಪೀಠ, ಪೀಠದ ಮೇಲೆ ತಾಡಪತ್ರಿ ಹೊದ್ದ ಆ ಸಾಮಾನು. ಎರಡೂ ಬದಿಗೆ ಹೊಟ್ಟೆ ಹೊರಚಾಚಿತ್ತು. ಅದು ಹೊರಟರೆ ಪಕ್ಕದ ಲೈನಿನಲ್ಲಿ ಬೇರೆ ಗಾಡಿ ಬರುವಂತಿಲ್ಲ. ಹಗಲು ಮಾತ್ರ ಓಡಬೇಕು, ಅದೂ ಎತ್ತಿನ ಗಾಡಿಯ ನಡಿಗೆಯಲ್ಲಿ.

ನಮ್ಮ ಡಿಪೋದ ಇಬ್ಬರು ಖಲಾಸಿಗಳು ನನ್ನ ಜೊತೆಗಿದ್ದರು. ಈರಣ್ಣ ಶಹಾಬಾದಿನವನೇ, ನಿವೃತ್ತಿ ಹತ್ತಿರ ಬಂದಿತ್ತು, ದಪ್ಪ ಮೈ, ಮೆಲ್ಲಗಿನ ಮಾತು. ಖಾಜಾ ಚಿತ್ತಾಪುರದವನು, ನನ್ನ ವಯಸ್ಸಿನವನು, ಆಗಷ್ಟೇ ಮದುವೆಯಾಗಿತ್ತು. ಸಾಮಾನಿಗೆ ಹೆಸರಿಟ್ಟವನು ಅವನೇ.

"ಪೈಲ್ವಾನ್ ಬಂದಾನ್ರಿ ಮೇಡಂ. ಸಲಾಂ ಹೊಡೀರಿ."

ಈರಣ್ಣ ನಗಲಿಲ್ಲ. ಸುತ್ತ ಒಂದು ಸಲ ನಡೆದು ಬಂದು, "ಮೇಡಂರಿ, ಇದರ ಮುಂದ ನಿಂತಾಗ ಹೊಳ್ಳಿ ನಿಂದ್ರಬ್ಯಾಡ್ರಿ. ಯಾವಾಗ್ಲೂ ಮಾರಿ ಅದರ ಕಡಿಗೇ ಇರ್ಲಿ" ಎಂದ. ಅವನ ಅಣ್ಣ ನೆಲಕ್ಕೆ ಹಾಸುವ ಫರಸಿ ಕಲ್ಲಿನ ಖಣಿಯಲ್ಲಿ ಚಪ್ಪಡಿಯ ಕೆಳಗೆ ಸಿಕ್ಕು ಹೋದವನು ಎಂದು ಖಾಜಾ ಆಮೇಲೆ ಹೇಳಿದ.

ಅಂದು ಕಾಗಿಣಾ ನದಿಯ ಸೇತುವೆ ದಾಟಿದ್ದು ನನಗೆ ಚೆನ್ನಾಗಿ ನೆನಪಿದೆ. ಹೊಸ ನೀರು ಕೆಂಪಾಗಿ, ಕಸಕಡ್ಡಿ ಹೊತ್ತು ಹರಿಯುತ್ತಿತ್ತು. ಹಿಂದಿನ ಬ್ರೇಕ್ ವ್ಯಾನಿನಲ್ಲಿ ನಿಂತು ನೋಡುತ್ತಿದ್ದೆ. ಗಾಡಿ ಸೇತುವೆಯ ನಡುವೆ ಬಂದಾಗ ಮರದ ಪೀಠದಿಂದ ಒಂದು ಸದ್ದು ಬಂತು, ಮುದುಕರು ಕೂತಲ್ಲಿಂದ ಏಳುವಾಗ ಮಂಡಿಯಲ್ಲಿ ಬರುವ ಸದ್ದಿನ ಹಾಗೆ. ಮತ್ತೇನೂ ಆಗಲಿಲ್ಲ. ಸೇತುವೆ ದಾಟಿತು. ಆದರೆ ವಾಡಿ ಬರುವ ತನಕ ಆ ಸದ್ದು ಮತ್ತೆ ಬಂದೀತೆಂದು ನಾನು ಕಿವಿಗೊಟ್ಟೇ ನಿಂತಿದ್ದೆ.

ವಾಡಿಗೆ ಬಂದ ಮೇಲೆ ಪೈಲ್ವಾನ್ ಮುಂದೆ ಹೋಗಲೇ ಇಲ್ಲ. ಆ ವರ್ಷ ಮಳೆ ಕೈಬಿಡಲಿಲ್ಲ. ಸೇಡಂ ಹತ್ತಿರ ಹಳಿ ಹೊತ್ತ ಎರೆಮಣ್ಣಿನ ಏರಿ ಒಂದು ಕಡೆ ಕುಸಿದು, ಭಾರದ ಗಾಡಿಗಳಿಗೆ ಅಪ್ಪಣೆ ನಿಂತಿತು. ನಮ್ಮದನ್ನು ಯಾರ್ಡಿನ ಮೂಲೆಯ ಲೈನಿಗೆ ತಳ್ಳಿ ನಿಲ್ಲಿಸಿದರು. ಆಷಾಢ, ಶ್ರಾವಣ, ಮುಂದೆ ಭಾದ್ರಪದದ ಬಹುಪಾಲು ಅದು ಅಲ್ಲೇ ನಿಂತು ನೆನೆಯಿತು. ಹೆಸರು ಬೆಳೆ ಹೊಲದಲ್ಲೇ ಕೊಳೆಯುತ್ತಿದ್ದ ಕಾಲ. ಯಾರ್ಡಿನ ತನಕ ಆ ಹುಳಿ ವಾಸನೆ ಬರುತ್ತಿತ್ತು. ಸಿಮೆಂಟಿನ ಧೂಳು ಮಳೆಗೆ ಕಲೆಸಿ ಗಿಡದ ಎಲೆಗಳ ಮೇಲೆ ಗಟ್ಟಿಯಾಗಿ ಕೂತಿತ್ತು.

ದಿನಾ ಬೆಳಿಗ್ಗೆ ಹೋಗಿ ಸಾಮಾನನ್ನು ಬಿಗಿದ ಸರಪಳಿಗಳನ್ನು ಎಳೆದು ನೋಡುವುದು, ದಿಮ್ಮಿಗಳ ನಡುವೆ ಹೊಡೆದ ಬೆಣೆಗಳಿಗೆ ಸುತ್ತಿಗೆಯಿಂದ ತಟ್ಟಿ ಸದ್ದು ಕೇಳುವುದು. ಹೊರಗಿನ ಮರಗಳಲ್ಲಿ ಮೆತ್ತಗಾದವನ್ನು ಬದಲಿಸಿದೆವು. ಒಳಗಿನವನ್ನು ಬದಲಿಸಲು ಇಡೀ ಸಾಮಾನನ್ನೇ ಎತ್ತಬೇಕು. ಅಂಥ ಕ್ರೇನು ಹತ್ತಿರದಲ್ಲೆಲ್ಲೂ ಇರಲಿಲ್ಲ. ಮೇಲಿನವರು ಬಂದು ಪರೀಕ್ಷೆ ಮಾಡಿದರು, ಗಟ್ಟಿ ಇದೆ ಎಂದರು. ಗಟ್ಟಿ ಇದ್ದದ್ದೂ ಹೌದು. ತಟ್ಟಿದರೆ ಮರ ಸರಿಯಾದ ಸದ್ದನ್ನೇ ಕೊಡುತ್ತಿತ್ತು. ಆದರೂ ತಾಡಪತ್ರಿಯ ಅಂಚಿನಿಂದ ನೀರು ಒಳಗೆ ಇಳಿಯುವುದನ್ನು ನೋಡುವಾಗೆಲ್ಲ, ಅದು ಎಲ್ಲಿಗೆ ಹೋಗುತ್ತಿದೆ ಎಂದು ಯೋಚಿಸಿ ನನ್ನ ಊಟ ಕಡಿಮೆಯಾಗುತ್ತಿತ್ತು.

ಅವ್ವನಿಗೆ ಇದು ಫೋನಿನಲ್ಲೇ ತಿಳಿಯಿತು. ಚಿಂಚೋಳಿಗೆ ಅಂಟಿಕೊಂಡ ಚಂದಾಪುರದಲ್ಲಿ ಹೊಲಿಗೆ ಅಂಗಡಿ ಇಟ್ಟುಕೊಂಡು ನನ್ನನ್ನು ಓದಿಸಿದವಳು. ಒಂದು ಭಾನುವಾರ ಹೇಳದೆ ಕೇಳದೆ ಬಸ್ ಹತ್ತಿ ವಾಡಿಗೆ ಬಂದಳು. ಬಂದವಳು ರೊಟ್ಟಿಯ ಗಂಟು ಬಿಚ್ಚುವ ಮೊದಲೇ "ಆ ಸಾಮಾನು ಎಲ್ಲಿ ಅದಾ, ತೋರಸು" ಎಂದಳು. ಛತ್ರಿ ಹಿಡಿದು ಕರೆದುಕೊಂಡು ಹೋದೆ. ಅವ್ವ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ದೂರದಲ್ಲೇ ನಿಂತು ಕತ್ತೆತ್ತಿ ನೋಡಿದಳು.

"ಇದನ್ನ ಮನಷಾರು ಮಾಡ್ಯಾರೇನ?"

"ಹೌದವ್ವ."

"ನಾ ಹೊಲಿಗಿ ಮಷಿನ್ನಿನ ಸೂಜಿಗೇ ಬೆರಳು ಕೊಟ್ಟಾಕಿ. ನೀ ಇದರ ಬಗಲಾಗ ಹೋಗಿ ಕೈ ಹಾಕ್ತಿ?"

"ದಿನಾ ಹಾಕ್ತೀನಿ. ಏನೂ ಆಗಂಗಿಲ್ಲ."

ಸಂಜೆಯ ಬಸ್ಸು ಹತ್ತುವಾಗ ಅವ್ವ ನನ್ನ ಎರಡೂ ಕೈಗಳನ್ನು ಹಿಡಿದು, ಅಂಗೈ ತಿರುಗಿಸಿ, ಬೆರಳುಗಳನ್ನು ಒಂದೊಂದಾಗಿ ಒತ್ತಿ ನೋಡಿ ಬಿಟ್ಟಳು.

ಕಡೆಗೂ ಮಳೆ ಹೊಳವಾಯಿತು. ಏರಿ ಕಟ್ಟಿದರು, ಅಪ್ಪಣೆ ಬಂತು. ಒಂದು ಬೆಳಿಗ್ಗೆ ವಾಡಿಯಿಂದ ಹೊರಟೆವು. ಮುಂದೆ ಎಂಜಿನ್ನು, ನಡುವೆ ಪೈಲ್ವಾನ್, ಹಿಂದೆ ಬ್ರೇಕ್ ವ್ಯಾನಿನಲ್ಲಿ ಗಾರ್ಡ್, ನಾನು, ಈರಣ್ಣ, ಖಾಜಾ. ಬಿಸಿಲು ಬಿದ್ದಿತ್ತು, ತೊಗರಿ ಹೊಲಗಳು ತೊಳೆದಿಟ್ಟ ಹಾಗೆ ಕಾಣುತ್ತಿದ್ದವು. ಖಾಜಾ ಹಾಡು ಗುನುಗುತ್ತಿದ್ದ, ಚಿತ್ತಾಪುರದಲ್ಲಿ ನಿಂತರೆ ಮನೆಯಿಂದ ಊಟದ ಡಬ್ಬಿ ಬರುತ್ತದೆ ಎಂದು ಹೇಳುತ್ತಿದ್ದ. ಅಷ್ಟರಲ್ಲಿ ಪಡುವಣದಿಂದ ಮೋಡ ಎದ್ದಿತು. ಚಿತ್ತಾಪುರ ಬರುವಷ್ಟರಲ್ಲಿ ಮಳೆ ಸುರಿಯತೊಡಗಿತ್ತು.

ನಮ್ಮನ್ನು ಪ್ಲಾಟ್‌ಫಾರ್ಮಿನ ಪಕ್ಕದ ಲೂಪ್ ಲೈನಿಗೆ ತೆಗೆದುಕೊಂಡರು. ಗಾಡಿ ತಿರುಗುವಾಗ ನಾನು ಬಾಗಿಲಿನಿಂದ ಬಗ್ಗಿ ನೋಡುತ್ತಿದ್ದೆ. ದೀಪದ ಕಂಬ ನೆಟ್ಟಗಿತ್ತು. ಅದರ ಪಕ್ಕ ಹಾದ ತಾಡಪತ್ರಿಯ ಅಂಚು ನೆಟ್ಟಗಿರಲಿಲ್ಲ.

"ಈರಣ್ಣ, ವಾಲೇದ."

ಅವನೂ ನೋಡಿದ್ದ. "ಹೌದ್ರಿ" ಎಂದಷ್ಟೇ ಹೇಳಿದ.

ಗಾಡಿ ನಿಂತ ಕೂಡಲೇ ಇಳಿದು ಓಡಿದೆವು. ಹಿಂದಿನ ತುದಿಯಲ್ಲಿ ಮರದ ಪೀಠಕ್ಕೂ ವ್ಯಾಗನ್ನಿನ ಎತ್ತರದ ಉಕ್ಕಿನ ಗೋಡೆಗೂ ನಡುವೆ ಒಂದು ಸಂದಿ ಇರುತ್ತದೆ. ಒಬ್ಬರು ಅಡ್ಡಲಾಗಿ ನುಗ್ಗಬಹುದಾದಷ್ಟು ಸಂದಿ. ಒಳಗಿನ ಬೆಣೆ ನೋಡಬೇಕಾದರೆ ಅಲ್ಲಿಗೇ ಹೋಗಬೇಕು. ಈರಣ್ಣನ ಮೈ ಹಿಡಿಸುವುದಿಲ್ಲ. ಖಾಜಾ ಆ ಬದಿಯ ಸರಪಳಿ ನೋಡಲು ಹೋಗಿದ್ದ. ಬ್ಯಾಟರಿ ಹಿಡಿದು ನಾನು ನುಗ್ಗಿದೆ.

ಒಳಗೆ ನೆನೆದ ಮರದ, ಗ್ರೀಸಿನ ವಾಸನೆ ಮೂಗಿಗೆ ಅಡರಿತು. ಬಗ್ಗಿ ಬೆಳಕು ಬಿಟ್ಟೆ. ಕೆಳಗಿನ ದಿಮ್ಮಿಯ ಅಂಚಿನಿಂದ ಮರ ಎಳೆ ಎಳೆಯಾಗಿ, ಹಿಂಡಿದ ಕಬ್ಬಿನ ಸಿಪ್ಪೆಯ ಹಾಗೆ ಹೊರಬಂದಿತ್ತು. ಹೊರಗಿನಿಂದ ಎಷ್ಟು ತಟ್ಟಿದರೂ ಇದು ತಿಳಿಯುವಂಥದ್ದಾಗಿರಲಿಲ್ಲ. "ಈರಣ್ಣ" ಎಂದು ಕೂಗಿ ನೆಟ್ಟಗಾದೆ. ಖಟ್ ಎಂದಿತು. ಒಂದು ಬೆಣೆ ನನ್ನ ಕಾಲಿನ ಪಕ್ಕದಿಂದ ಹಾರಿ ಗೋಡೆಗೆ ಬಡಿಯಿತು.

ಆಮೇಲೆ ಅದು ಸರಿಯಿತು. ಬಸ್ಸಿನ ಸೀಟಿನಲ್ಲಿ ದಪ್ಪ ಮನುಷ್ಯನೊಬ್ಬ ಇನ್ನಷ್ಟು ಸರಿದು ಕೂತ ಹಾಗೆ, ಅಷ್ಟೇ ಸಾವಕಾಶವಾಗಿ. ಬೆನ್ನ ಕಡೆ ನನ್ನ ಸೊಂಟ ಉಕ್ಕಿನ ಗೋಡೆಗೆ ಆತುಕೊಂಡಿತು, ಮುಂದೆ ಸೊಂಟದ ಮೂಳೆಗಳಿಗೆ ದಿಮ್ಮಿ ಬಂದು ತಾಗಿತು. ತಾಗಿ ಒತ್ತಿತು. ಒತ್ತಿ ನಿಂತಿತು. ಮೇಲೆ ಸರಪಳಿಯೊಂದು ತಂತಿಯ ಹಾಗೆ ಬಿಗಿದು ಗುಂಯ್ ಎನ್ನುತ್ತಿತ್ತು.

ನೋವಿರಲಿಲ್ಲ. ಬರೀ ತಣ್ಣಗಿತ್ತು.

"ಮೇಡಂರಿ? ಹೊರಗ ಬರ್ರಿ" ಎಂದ ಈರಣ್ಣ.

"ಬರಾಕ ಆಗವಲ್ದು. ಸಿಕ್ಕೊಂಡೀನಿ."

ಪ್ಲಾಟ್‌ಫಾರ್ಮಿನ ಕಡೆಯ ಸಂದಿಯ ಬಾಯಲ್ಲಿ ಈರಣ್ಣನ ಮುಖ ಕಾಣಿಸಿತು. ಆ ಮುಖ ನೋಡಿದ ಮೇಲೆ ನನಗೆ ನಿಜವಾದ ಭಯ ಬಂತು. ಬಾಯಿ ತೆರೆದಿತ್ತು, ಮೀಸೆಯಿಂದ ನೀರು ತೊಟ್ಟಿಕ್ಕುತ್ತಿತ್ತು, ಕಣ್ಣುಗಳು ನನ್ನನ್ನು ನೋಡುತ್ತಿರಲಿಲ್ಲ. ನನ್ನನ್ನು ಒತ್ತಿ ಹಿಡಿದ ದಿಮ್ಮಿಯನ್ನು ನೋಡುತ್ತಿದ್ದವು.

ಸ್ಟೇಷನ್ ಮಾಸ್ತರರು ಛತ್ರಿಯೂ ಇಲ್ಲದೆ ಓಡಿ ಬಂದರು. "ಮೇಡಂ, ಧೈರ್ಯ ಬಿಡಬ್ಯಾಡ್ರಿ. ವಾಡಿಗೆ ಫೋನ್ ಮಾಡೀನಿ, ರಿಲೀಫ್ ಗಾಡಿ ಹೊಂಡ್ತದ. ಅದು ಬರೂತನ ಯಾರೂ ಏನೂ ಮುಟ್ಟಬ್ಯಾಡ್ರಿ" ಎಂದರು. ಅಷ್ಟರಲ್ಲಿ ದೂರದಲ್ಲಿ ಹಾರ್ನ್ ಕೇಳಿಸಿತು. ಸೇಡಂ ಕಡೆಯಿಂದ ಪ್ಯಾಸೆಂಜರ್ ಗಾಡಿ ಬರುತ್ತಿತ್ತು. ಕಾಲಿನ ಕೆಳಗಿನ ಉಕ್ಕಿನಲ್ಲಿ ಅದರ ನಡುಕ ನನಗೆ ತಿಳಿಯುತ್ತಿತ್ತು, ಅಥವಾ ತಿಳಿಯುತ್ತಿದೆ ಎಂದು ಅನಿಸುತ್ತಿತ್ತು. ಸರಪಳಿಯ ಗುಂಯ್ ಜೋರಾದ ಹಾಗೆ ಕೇಳಿಸಿತು. "ನಿಂದರಿಸ್ರಿ, ಆ ಗಾಡಿ ನಿಂದರಿಸ್ರಿ" ಎಂದು ಕಿರುಚಿದೆ. "ಸಿಗ್ನಲ್ ಕೆಂಪೈತ್ರಿ, ನಿಂದರತದ" ಎಂದು ಮಾಸ್ತರರು ಕೂಗಿದರು. ಅದು ನಿಂತಿತು.

ನನ್ನ ಸೊಂಟದ ಬೆಲ್ಟಿನ ಬಕಲಿಗೂ ದಿಮ್ಮಿಗೂ ನಡುವೆ ಮೊದಲು ಒಂದು ಬೆರಳು ಹಿಡಿಸುತ್ತಿತ್ತು. ಆಗಾಗ ಬೆರಳು ತೂರಿಸಿ ನೋಡಿಕೊಳ್ಳುತ್ತಿದ್ದೆ. ಒಂದು ಸಲ ತೂರಿಸಿದರೆ ಹೋಗಲಿಲ್ಲ. ಉಸಿರು ಬಿಟ್ಟು ಮತ್ತೆ ನೋಡಿದೆ. ಹೋಗಲಿಲ್ಲ. ಎಲ್ಲೋ ಕೆಳಗೆ ಮರ ಚಿಟಿ ಚಿಟಿ ಎನ್ನುತ್ತಿತ್ತು.

"ಈರಣ್ಣ, ಇದು ಇನ್ನೂ ಬರ್ಲಿಕತ್ತದ."

"ಇಲ್ರಿ ಯವ್ವಾ, ನಿಂತದ."

"ನಿಂತಿಲ್ಲ. ನನಗ ಗೊತ್ತಾಗ್ಲಿಕತ್ತದ. ರಿಲೀಫ್ ಗಾಡಿ ಬರೂತನ ನಾ ಇರಂಗಿಲ್ಲ."

ಬ್ರೇಕ್ ವ್ಯಾನಿನಲ್ಲಿ ಎರಡು ಕೈ ಜಾಕುಗಳಿದ್ದವು. ಸಂದಿಯ ಎರಡು ಬಾಯಿಗಳಲ್ಲಿ, ಅಂದರೆ ಪ್ಲಾಟ್‌ಫಾರ್ಮಿನ ಕಡೆಗೊಂದು, ಪಕ್ಕದ ಲೈನಿನ ಕಡೆಗೊಂದು ಇಟ್ಟು, ಗೋಡೆಯಿಂದ ದಿಮ್ಮಿಯನ್ನು ಹಿಂದಕ್ಕೆ ಒತ್ತಬೇಕು. ಎರಡೂ ಸಮವಾಗಿ. ನಾನಿದ್ದದ್ದು ಪ್ಲಾಟ್‌ಫಾರ್ಮಿನ ಬದಿಗೆ ಹತ್ತಿರ. ಆಚೆ ಬದಿಯ ಜಾಕು ಸ್ವಲ್ಪ ಹೆಚ್ಚು ಒತ್ತಿದರೂ ಪೀಠ ತಿರುಗಿ ಈಚೆ ತುದಿ ನನ್ನ ಮೇಲೇ ಬರುತ್ತದೆ. ಇದನ್ನೆಲ್ಲ ಹೇಳಿದೆ. ನನ್ನ ದನಿ ನನಗೇ ಬೇರೆ ಯಾರದೋ ಅನ್ನಿಸುತ್ತಿತ್ತು.

ಈರಣ್ಣ ಜಾಕು ತಂದ. ತಂದು ಕೆಳಗಿಟ್ಟ. "ನನ್ನ ಕೈಲೆ ಆಗಂಗಿಲ್ರಿ. ಒಂದೀಟು ಹೆಚ್ಚುಕಡಿಮಿ ಆದ್ರ ನಿಮ್ಮ ಅವ್ವಗ ಏನ್ ಹೇಳ್ಲಿ? ಆಗಂಗಿಲ್ಲ" ಎಂದು ಅಳತೊಡಗಿದ. ಅಷ್ಟು ದೊಡ್ಡ ಮನುಷ್ಯ ಅಳುವುದನ್ನು ಕೇಳುತ್ತ ನಾನು ಅಲುಗಾಡದೆ ನಿಂತಿದ್ದೆ. ಆಚೆ ಬದಿಯಿಂದ ಖಾಜಾನ ದನಿ ಬಂತು. "ನಾ ಇಟ್ಟೀನ್ರಿ ಮೇಡಂ ನನ್ನ ಬಾಜೂ. ಈರಣ್ಣ ಮಾಮಾ, ನೀನೂ ಇಡು. ಒಬ್ಬನೇ ಒತ್ತಾಕ ಬರಂಗಿಲ್ಲಂತ ಮೇಡಂ ಹೇಳ್ಯಾರಲ್ಲ. ಇಡು ಮಾಮಾ."

ಈರಣ್ಣ ಇಟ್ಟ.

ಇಬ್ಬರಿಗೂ ನಾನು ಕಾಣುತ್ತಿರಲಿಲ್ಲ. ಜಾಕಿನ ಹಿಡಿ ಒತ್ತಲು ಅವರು ಹೊರಗೆ ಕುಕ್ಕರಗಾಲಲ್ಲಿ ಕೂರಬೇಕಿತ್ತು, ನಡುವೆ ದಿಮ್ಮಿ ಅಡ್ಡ. ತಾಡಪತ್ರಿಯ ಮೇಲೆ ಮಳೆ ಡೋಲು ಬಡಿದ ಹಾಗೆ ಬಡಿಯುತ್ತಿತ್ತು. ನನ್ನ ಮೈಯೇ ಅಳತೆ, ನನ್ನ ದನಿಯೇ ಸಿಗ್ನಲ್ಲು. ನಾನು ಯಾರ ಹೆಸರು ಕೂಗುತ್ತೇನೋ ಅವರು ಒಂದು ಸಲ ಒತ್ತಬೇಕು, ಸಾಕು ಎಂದರೆ ಬಿಡಬೇಕು ಎಂದು ಹೇಳಿದೆ.

"ಖಾಜಾ!"

ಏನೂ ಆಗಲಿಲ್ಲ. ಜಾಕು ಬರೀ ಕಚ್ಚಿಕೊಂಡಿರಬೇಕು.

"ಈರಣ್ಣ!"

ಮರ ನರಳಿತು.

"ಖಾಜಾ! ಈರಣ್ಣ! ಖಾಜಾ!"

ಒತ್ತಡ ಒಂದು ಕೂದಲೆಳೆ ಇಳಿದ ಹಾಗೆ ಅನಿಸಿತು. ಮತ್ತೆ ಕೂಗಿದೆ. ಎಷ್ಟು ಸಲ ಕೂಗಿದೆನೋ. ನಡುವೆ ಎಲ್ಲೋ ದಿಮ್ಮಿ ಒಮ್ಮೆಲೇ ಹೊರಳಿತು. ಸೊಂಟದೊಳಗೆ ಏನೋ ಚಟ್ ಎಂದಿತು. ಕಣ್ಣು ಕತ್ತಲೆಗಟ್ಟಿತು. ಆಚೆ ಬದಿ ಹೆಚ್ಚಾಗಿತ್ತು.

"ಸಾಕು! ಖಾಜಾ, ಸಾಕು! ನಿಂದರಿಸು!"

ಆ ಕಡೆಯಿಂದ "ಹ್ಞಾಂ" ಎಂದು ಒಂದು ದನಿ ಬಂತು. ದಿಮ್ಮಿ ಅಲ್ಲೇ ನಿಂತಿತು. ಇನ್ನೊಂದು ಒತ್ತು ಬಿದ್ದಿದ್ದರೆ ಮುಗಿದಿತ್ತು, ಅದು ನನಗೆ ಮೂಳೆಯಲ್ಲೇ ಗೊತ್ತಾಯಿತು. "ಈರಣ್ಣ... ಈರಣ್ಣ..." ಎಂದೆ. ಅವನು ಒತ್ತಿದ, ಮತ್ತೆ ಒತ್ತಿದ. ಪೀಠ ನೆಟ್ಟಗಾಯಿತು. ಬಕಲಿನ ಪಕ್ಕ ಬೆರಳು ಹೋಯಿತು, ಆಮೇಲೆ ಅಂಗೈ ಹೋಯಿತು. ಈರಣ್ಣ ಜಾಕು ಬಿಟ್ಟು ತೋಳು ಚಾಚಿ ನನ್ನನ್ನು ಹೊರಗೆ ಎಳೆದುಕೊಂಡ. ಪ್ಲಾಟ್‌ಫಾರ್ಮಿನ ಫರಸಿಯ ಮೇಲೆ ಮಲಗಿಸಿದರು. ಮುಖದ ಮೇಲೆ ಮಳೆ ಬೀಳುತ್ತಿತ್ತು. ಆಗ ನೋವು ಬಂತು.

ಕಲಬುರಗಿಯ ಆಸ್ಪತ್ರೆಯಲ್ಲಿ ಸೊಂಟದ ಮೂಳೆ ಬಿರುಕು ಬಿಟ್ಟಿದೆ, ಅಲುಗಾಡದೆ ಮಲಗಬೇಕು ಎಂದರು. ಅವ್ವ ಅಂಗಡಿ ಮುಚ್ಚಿ ಬಂದು ಮಂಚದ ಪಕ್ಕ ಕೂತಳು. ನೌಕರಿ ಬಿಡು ಎನ್ನುತ್ತಾಳೆ ಎಂದು ಕಾಯುತ್ತಿದ್ದೆ. ಅವಳು ಕೇಳಿದ್ದು ಬೇರೆ.

"ಅದು ಈಗ ಎಲ್ಲಿ ಅದಾ?"

"ಚಿತ್ತಾಪುರದಾಗೇ ನಿಂತದವ್ವ. ದೊಡ್ಡ ಕ್ರೇನ್ ಬರಬೇಕು."

"ಹಂಗಾರ ಇನ್ನೂ ಮುಗಿದಿಲ್ಲ" ಎಂದಳು ಅವ್ವ.

ನೋಡಲು ಬಂದವರಿಗೆಲ್ಲ ನಾನು ಕಥೆ ಹೇಳುತ್ತಿದ್ದೆ. ಡಿಪೋದವರು, ಚಿಂಚೋಳಿಯ ನೆಂಟರು, ಪಕ್ಕದ ಮಂಚದ ಹೆಂಗಸರು. ನನ್ನ ಮೈಯೇ ಅಳತೆಯಾಗಿತ್ತು, ನಾನು ಸಾಕು ಎಂದ ಕೂಡಲೇ ಖಾಜಾ ನಿಲ್ಲಿಸಿದ, ಅದಕ್ಕೇ ಉಳಿದೆ ಎಂದು. ಹೇಳಿದಷ್ಟೂ ಭಯ ಕಡಿಮೆಯಾಗುತ್ತಿತ್ತು. ಅಷ್ಟು ದೊಡ್ಡ ಭಾರ ನನ್ನ ಒಂದು ಮಾತಿಗೆ ನಿಂತಿತಲ್ಲ! ಕಣ್ಣು ಮುಚ್ಚಿದಾಗ ದಿಮ್ಮಿ ಬಂದು ತಾಗಿದರೆ, ಸಾಕು ಎಂದು ಮನಸ್ಸಿನಲ್ಲೇ ಅನ್ನುತ್ತಿದ್ದೆ. ಅದು ನಿಲ್ಲುತ್ತಿತ್ತು. ಹೀಗೆ ಆ ಮಾತನ್ನು ಹಿಡಿದುಕೊಂಡೇ ನಡೆಯುವುದನ್ನು ಮತ್ತೆ ಕಲಿತೆ. ಖಾಜಾ ಎರಡು ಸಲ ಬಂದಿದ್ದ. ನಾನು ಆ ಭಾಗ ಹೇಳುವಾಗ ಅವನು ಬಾಗಿಲ ಹತ್ತಿರ ಹೋಗಿ ನಿಲ್ಲುತ್ತಿದ್ದ. ನಾಚಿಕೆ ಎಂದುಕೊಂಡೆ.

ನಾನು ಕೆಲಸಕ್ಕೆ ಹಿಂತಿರುಗುವಷ್ಟರಲ್ಲಿ ಮಳೆ ಸರಿದು ಚಳಿ ಶುರುವಾಗಿತ್ತು. ಕ್ರೇನು ಬಂದು ಪೈಲ್ವಾನನನ್ನು ಎತ್ತಿ, ಒಣಗಿದ ಹೊಸ ಮರ ಹಾಕಿ, ಮುಂದೆ ಹಿಂದೆ ಉಕ್ಕಿನ ತಡೆಗಳನ್ನು ಕೂರಿಸಿದ್ದರು. ಉಳಿದ ದಾರಿಗೆ ಬೇರೆಯವರನ್ನು ಕಳಿಸುತ್ತೇವೆ ಎಂದು ಸಾಹೇಬರು ಹೇಳಿದರು. ನಾನೇ ಹೋಗುತ್ತೇನೆ ಎಂದೆ. ಧೈರ್ಯಕ್ಕಲ್ಲ. ಅದು ನನ್ನ ಕಣ್ಣೆದುರಿಗೆ ಗಾಡಿಯಿಂದ ಇಳಿಯದಿದ್ದರೆ ನನಗೆ ಅದು ಎಂದೂ ಇಳಿಯುವುದಿಲ್ಲ ಎನ್ನುವ ಭಯಕ್ಕೆ.

ಚಿತ್ತಾಪುರದಿಂದ ಸೇಡಂ ತನಕ ಬ್ರೇಕ್ ವ್ಯಾನಿನ ಬಾಗಿಲಲ್ಲೇ ನಿಂತಿದ್ದೆ. ಜೋಳ ಮೊಣಕಾಲೆತ್ತರ ಬಂದಿತ್ತು, ತೊಗರಿ ಹಳದಿ ಹೂ ಬಿಟ್ಟಿತ್ತು. ಗೇಟುಗಳಲ್ಲಿ ಜನ ಬೈಕು ನಿಲ್ಲಿಸಿ ಮೊಬೈಲಿನಲ್ಲಿ ಪೈಲ್ವಾನನ ಫೋಟೋ ತೆಗೆಯುತ್ತಿದ್ದರು. ಒಂದೊಂದು ತಿರುವಿನಲ್ಲೂ ಬಗ್ಗಿ ತಾಡಪತ್ರಿಯ ಅಂಚನ್ನು ಕಂಬಗಳ ಜೊತೆ ಹೋಲಿಸಿ ನೋಡುತ್ತಿದ್ದೆ. ಈರಣ್ಣ ನಿಂತಲ್ಲೆಲ್ಲ ಇಳಿದು ತಡೆಗಳನ್ನು ಮುಟ್ಟಿ ಬಂದು, ತಲೆ ಅಲ್ಲಾಡಿಸಿ ಕೂರುತ್ತಿದ್ದ. ಮಧ್ಯಾಹ್ನ ಫ್ಯಾಕ್ಟರಿಯ ಸೈಡಿಂಗಿಗೆ ಸೇರಿದೆವು. ಅಲ್ಲಿನ ಕ್ರೇನುಗಳು ತಯಾರಾಗಿದ್ದವು. ಪೈಲ್ವಾನ್ ಮೇಲೆದ್ದ. ಅವನ ಕೆಳಗೆ ಆಕಾಶ ಕಾಣಿಸಿತು. ಸಾವಕಾಶವಾಗಿ ಪಕ್ಕಕ್ಕೆ ಹೋಗಿ ಕಾಂಕ್ರೀಟಿನ ಮೇಲೆ ಕೂತ. ಅಲ್ಲಿದ್ದವರು ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ. ಈರಣ್ಣ ತನ್ನ ಟವೆಲಿನಿಂದ ಮುಖ ಒರೆಸಿಕೊಂಡು ನೀರು ಕುಡಿಯಲು ಹೋದ.

ಖಾಲಿ ವ್ಯಾಗನ್ನಿನ ನೆರಳಿನಲ್ಲಿ ನಾನು, ಖಾಜಾ ಉಳಿದೆವು. ಅವತ್ತು ನನಗೆ ಮನಸ್ಸು ಹಗುರಾಗಿತ್ತು. "ಖಾಜಾ, ಆವತ್ತು ನೀ ನನ್ನ ಮಾತು ಕೇಳಿ ತಟ್ನ ನಿಂದರಿಸ್ದಿ ನೋಡು, ಅದನ್ನ ನಾ ಸಾಯೂತನ ಮರಿಯಂಗಿಲ್ಲ" ಎಂದೆ.

ಅವನು ನೆಲ ನೋಡಿದ. ಆಮೇಲೆ, "ಮೇಡಂ, ಇನ್ನ ಅದು ಇಳದದ, ಹೇಳಿಬಿಡ್ತೀನಿ. ಹೇಳ್ದಿದ್ರ ನನಗ ನಿದ್ದಿ ಹತ್ತಂಗಿಲ್ಲ" ಎಂದ.

"ಏನು?"

"ನನಗ ಏನೂ ಕೇಳಸ್ಲಿಲ್ರಿ. ಮಳಿ ಸಪ್ಪಳದಾಗ ಮೊದಲು ನನ್ನ ಹೆಸರು ಕೇಳಸ್ತಿತ್ತು. ಆಮ್ಯಾಲ ಅದೂ ಸರಿ ಕೇಳಸ್ಲಿಲ್ಲ. ಒತ್ತು ಅಂದ್ರಿ ಅಂತ ತಿಳಕೊಂಡು ಒತ್ತಕೋತ ಹೊಂಟಿದ್ದೆ."

"ನಾ ಸಾಕು ಅಂದಾಗ ನಿಂದರಿಸ್ದ್ಯಲ್ಲ? ಹ್ಞಾಂ ಅಂದ್ಯಲ್ಲ?"

"ಇಲ್ರಿ. ನನ್ನ ಕೈ ಸೆಟದು ಹೋಯ್ತ್ರಿ." ಅವನು ಬಲಗೈ ಚಾಚಿ ಬೆರಳುಗಳನ್ನು ಮಡಚಿ ತೋರಿಸಿದ. "ಹಿಂಗ ಮುರುಟಿಕೊಂಡು ನಿಂತುಬಿಡ್ತು. ಬಿಚ್ಚಲಿಕ್ಕೇ ಬರ್ಲಿಲ್ಲ. ಜೀವ ಹೋಗುವಂಗ ನೋವು. ಅದಕ್ಕ ನರಳಿದ್ದೆ. ಎಡಗೈಲೆ ಹಿಡಿಬೇಕಂತ ಜಾಗ ಬದಲಿ ಮಾಡೂತನ ಈರಣ್ಣ ಮಾಮಾ, ಹೊರಗ ಬಂದ್ರು ಬಂದ್ರು ಅಂತ ಒದರಿದ. ಅಲ್ಲಾಹ್‌ನ ಆಣಿ ಮೇಡಂ, ಕೈ ಸೆಟದಿಲ್ಲಂದ್ರ ನಾ ಇನ್ನೊಮ್ಮಿ ಒತ್ತೇ ಬಿಡ್ತಿದ್ದೆ."

"ಮೊದಲ್ಯಾಕ ಹೇಳ್ಲಿಲ್ಲ?"

"ಆಸ್ಪತ್ರ್ಯಾಗ ಹೇಳಬೇಕಂತನೇ ಬಂದಿದ್ದೆ. ನೀವು ಎಲ್ಲಾರಿಗೂ ಖುಷೀಲೆ ಹೇಳ್ಲಿಕತ್ತಿದ್ರಿ. ಹೆಂಗ ಹೇಳ್ಲಿ?"

ಬಿಸಿಲು ಚುರುಗುಟ್ಟುತ್ತಿತ್ತು. ಫ್ಯಾಕ್ಟರಿಯ ಸದ್ದು, ಜನರ ಮಾತು, ಎಲ್ಲ ಕೇಳುತ್ತಿತ್ತು. ನಾನು ಹಳಿಯ ಮೇಲೆ ಕೂತುಬಿಟ್ಟೆ. ಸಂದಿಯಲ್ಲಿ ಸಿಕ್ಕಿದ್ದಾಗಲೂ ನನಗೆ ಅಷ್ಟು ಭಯವಾಗಿರಲಿಲ್ಲ. ಅಲ್ಲಿ ಕೂಗಲು ಒಂದು ಮಾತಾದರೂ ಇತ್ತು. ಇಷ್ಟು ದಿನ ಹಿಡಿದುಕೊಂಡು ನಡೆದ ಆ ಮಾತು ಯಾರಿಗೂ ಮುಟ್ಟಿರಲೇ ಇಲ್ಲ. ಖಾಜಾ ಎದುರಿಗೆ ಕುಕ್ಕರಗಾಲಲ್ಲಿ ಕೂತು "ಮೇಡಂ, ನೀ‍ರು ತರ್ಲೇನ್ರಿ? ಮೇಡಂ?" ಎಂದು ಕೇಳುತ್ತಿದ್ದ. ಅವನ ಮೇಲೆ ನನಗೆ ಸಿಟ್ಟು ಬರಲಿಲ್ಲ. "ತಗೊಂಡು ಬಾ" ಎಂದೆ. ದನಿ ಹೊರಟಿತೋ ಇಲ್ಲವೋ ಎಂದು ಸಂಶಯ ಬಂದು, ಇನ್ನೊಮ್ಮೆ ಜೋರಾಗಿ ಹೇಳಿದೆ.

ಸಂಜೆಗೆ ಮುಂಚೆ ಖಾಲಿ ವ್ಯಾಗನ್ ಕಟ್ಟಿಕೊಂಡು ವಾಡಿಗೆ ಹೊರಟೆವು. ಭಾರವಿಲ್ಲದ ಗಾಡಿ ಗಡಗಡ ಎಂದು ಓಡುತ್ತಿತ್ತು. ಈರಣ್ಣ ಗೋಡೆಗೆ ಒರಗಿ ನಿದ್ದೆ ಹೋಗಿದ್ದ. ನಾನು ಬಾಗಿಲಿಗೆ ಹೋಗಲಿಲ್ಲ, ಹೊರಗೆ ನೋಡಲೂ ಇಲ್ಲ. ಎದುರು ಬೆಂಚಿನಲ್ಲಿ ಖಾಜಾನೂ ತೂಕಡಿಸುತ್ತಿದ್ದ. ಅವನ ಬಲಗೈ ತೊಡೆಯ ಮೇಲೆ ಬೆರಳು ಬಿಚ್ಚಿ ಬಿದ್ದಿತ್ತು. ಗಾಡಿ ಅಲುಗಿದಾಗ ಬೆರಳುಗಳೂ ಅಲುಗುತ್ತಿದ್ದವು. ವಾಡಿ ಬರುವವರೆಗೂ ನಾನು ಆ ಕೈಯನ್ನೇ ನೋಡುತ್ತ ಕೂತಿದ್ದೆ.